ಸಂಸಾರಕ್ಕೆ ಹುಳಿ ಹಿಂಡಿದ ಸೈಡರ್

ಇಂಗ್ಲೆಂಡಿನ ಸೇಬುನಾಡು ಹೆರೆಫರ್ಡ್‌ಶೈರಿನಲ್ಲಿ ಹುಟ್ಟಿ ಐವತ್ತೆರಡು ವರ್ಷ ತುಂಬಿದ ಮೇಲೂ ಸೈಡರ್ ಮಾಡಲು ಬಾರದ ಗಂಡಸು ಎಂದರೆ ನಮ್ಮ ಹಳ್ಳಿಯಲ್ಲಿ ನಾನೊಬ್ಬನೇ. ಇದನ್ನು ನನಗೆ ದಿನಕ್ಕೊಮ್ಮೆ ನೆನಪಿಸುವ ಪುಣ್ಯಾತ್ಮ ಪಕ್ಕದ ಮನೆಯ ಈನಕ್ ಗಾಡ್ಸಲ್. ಎಪ್ಪತ್ತು ದಾಟಿದ ಮುದುಕ. ಸೇಬಿನ ರಸವನ್ನು ಹುದುಗು ಬರಿಸಿ ಸೈಡರ್ ಇಳಿಸುವುದರಲ್ಲಿ ಅವನದು ಮೂರು ತಲೆಮಾರಿನ ಹೆಸರು.

"ಕ್ಲೆಮೆಂಟ್, ಮಗಾ, ಹಿತ್ತಲಲ್ಲಿ ಸೇಬಿನ ಮರ ಇಟ್ಕೊಂಡು ಅಂಗಡಿ ಸೀಸೆ ತರ್ತೀಯಲ್ಲೋ! ಆ ಮರಕ್ಕಾದ್ರೂ ನಾಚಿಕೆ ಆಗಲ್ವೇನೋ?" ಎಂದು ಬೇಲಿಯ ಆಚೆಯಿಂದ ಕೂಗುತ್ತಿದ್ದ.

ನಾನು ಅಂಚೆ ಕಚೇರಿಯಲ್ಲಿ ಮೊಹರು ಒತ್ತುವವನು. ಮಾನವಂತ. ಒಂದು ದಿನ ರೋಷ ಉಕ್ಕಿ, ನನ್ನೊಳಗೆ ಹುದುಗಿದ ಪ್ರತಿಭೆಯನ್ನು ಹೊರಗೆ ತರುವುದೆಂದು ಸಂಕಲ್ಪ ಮಾಡಿದೆ. (ಬಿಯರಿಗೆ ಹುದುಗಲು ಎರಡು ವಾರ ಸಾಕು, ನನ್ನ ಪ್ರತಿಭೆಗೆ ಐವತ್ತೆರಡು ವರ್ಷ ಹಿಡಿದಿತ್ತು.) ಔಷಧಿ ಅಂಗಡಿಯಲ್ಲೂ ಬಿಯರ್ ಮಾಡುವ ಸಾಮಾನು ಮಾರುತ್ತಿದ್ದ ಕಾಲವದು. ಕೆಮ್ಮಿನ ಔಷಧಿ ತರಲು ಹೋದವನು, ಮೊದಲು ಸುಲಭದ ಬಿಯರಿನಲ್ಲಿ ಕೈ ಪಳಗಲಿ ಎಂದು, ಒಂದು ಗ್ಯಾಲನ್ನಿನ ಗಾಜಿನ ಜಾಡಿ, ಒಂದು ಡಬ್ಬಿ ಮಾಲ್ಟ್ ಎಂಬ ಮೊಳಕೆ ಬಾರ್ಲಿಯ ಪಾಕ, ಒಂದು ಪೊಟ್ಟಣ ಯೀಸ್ಟ್ ಹೊತ್ತು ತಂದೆ.

"ಕೆಮ್ಮಿನ ಔಷಧಿ ಎಲ್ಲಿ?" ಎಂದಳು ನನ್ನ ಹೆಂಡತಿ ಮ್ಯೂರಿಯಲ್, ಕೆಮ್ಮುತ್ತಾ.

"ಇದೇ. ಸ್ವಲ್ಪ ತಡ ಆಗತ್ತೆ ಅಷ್ಟೆ."

ಮೊದಲ ಬಿಯರಿನ ಕಥೆ ಸಂಕ್ಷಿಪ್ತ. ಪಾಕವನ್ನು ಕುದಿಸಿದೆ, ಕುದಿಯುತ್ತಿರುವಾಗಲೇ ಯೀಸ್ಟ್ ಸುರಿದೆ, ಬಿರಡೆ ಹಾಕಿ ಜಾಡಿಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತೆ. ನಾಲ್ಕು ದಿನ ಒಂದೇ ಒಂದು ಗುಳ್ಳೆ ಏಳಲಿಲ್ಲ. ಈನಕ್ ಬಂದು ನೋಡಿ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಯೀಸ್ಟಿಗೂ ಜೀವ ಇರತ್ತೆ ಕಣೋ ಕೊಲೆಗಾರ! ಕುದಿಯೋ ಹಂಡೆಗೆ ನಿನ್ನನ್ನ ಇಳಿಸಿದ್ರೆ ನೀನು ಗುಳ್ಳೆ ಬಿಡ್ತಾ ಕೂತಿರ್ತೀಯಾ?"

ಎರಡನೆಯ ಸಲ ಪಾಕವನ್ನು ತಣಿಸಿ ಯೀಸ್ಟ್ ಹಾಕಿದೆ. ಬಿಯರ್ ಆಯಿತು. ಒಂದು ಲೋಟ ಕುಡಿದೆ, ಮರುದಿನವೂ ಬದುಕಿದ್ದೆ. ಇಷ್ಟು ಯಶಸ್ಸು ಸಾಕಾಯಿತು, ನೇರ ಸೈಡರಿಗೇ ಕೈ ಹಾಕಿದೆ.

ಅಕ್ಟೋಬರಿನ ಒಂದು ಭಾನುವಾರ ಹಿತ್ತಲ ಮರದ ಸೇಬನ್ನೆಲ್ಲ ಇಳಿಸಿ, ಆಲೂಗಡ್ಡೆ ಹಿಸುಕುವ ಸಾಧನದಿಂದಲೇ ಜಜ್ಜಿ, ಮ್ಯೂರಿಯಲ್‌ಳ ದಿಂಬಿನ ಚೀಲದಲ್ಲಿ ಹಿಂಡಿದೆ. (ಅದು ಅವಳ ಮದುವೆಯ ಉಡುಗೊರೆಯೆಂದು ನನಗೆ ಹೇಗೆ ಗೊತ್ತಾಗಬೇಕು?) ಸಂಜೆಯ ಹೊತ್ತಿಗೆ ಜಾಡಿ ತುಂಬಿತು, ನನ್ನ ಎರಡೂ ತೋಳು ಬಿದ್ದುಹೋದವು. ಯೀಸ್ಟ್ ಹಾಕಿ, ಬಿರಡೆಗೆ ನೀರು ತುಂಬಿದ ಸೊಟ್ಟ ನಳಿಗೆ ಸಿಕ್ಕಿಸಿದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು, ಆ ನೀರಿನ ಕೆಲಸವೇ ಅದು. ಜಾಡಿಯನ್ನು ಬಿಸಿನೀರಿನ ತೊಟ್ಟಿಯ ಮಗ್ಗುಲಿನ ಬೀರುವಿನಲ್ಲಿ, ಒಗೆದ ಹಾಸಿಗೆ ಬಟ್ಟೆಗಳ ನಡುವೆ ಬೆಚ್ಚಗೆ ಮಲಗಿಸಿದೆ.

ಮರುದಿನ ಬೆಳಿಗ್ಗೆ ಬೀರುವಿನೊಳಗಿಂದ "ಬ್ಳುಪ್" ಎಂದಿತು.

"ಮ್ಯೂರಿಯಲ್! ಬಾ, ಬಾ! ಜೀವ ಬಂತು!"

ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ದಿಟ್ಟಿಸಿದಳು. "ಮೂರು ಹೆತ್ತಿದೀನಿ, ಕ್ಲೆಮ್. ಒಂದಕ್ಕೂ ನೀನು ಹೀಗೆ ಓಡಿ ಬಂದಿರಲಿಲ್ಲ."

ಗುಳ್ಳೆ ನಿಂತ ಮೇಲೆ ಅದನ್ನು ಈಸ್ಟರಿನವರೆಗೆ ಮಾಗಲು ಬಿಟ್ಟೆ. ಈಸ್ಟರ್ ಭಾನುವಾರ ಈನಕ್‌ನನ್ನೂ ಅವನ ಹೆಂಡತಿ ಹೆಸ್ಟರಳನ್ನೂ ಊಟಕ್ಕೆ ಕರೆದು, ನಾಲ್ಕು ಲೋಟಗಳಿಗೆ ಬಗ್ಗಿಸಿ, ಪೂರ್ವಿಕರ ಬಗ್ಗೆ ಒಂದು ಪುಟ್ಟ ಭಾಷಣವನ್ನೂ ಮಾಡಿದೆ. ಈನಕ್ ಒಂದು ಗುಟುಕು ಕುಡಿದ. ಅವನ ಕಣ್ಣು ಮುಚ್ಚಿಕೊಂಡವು, ಕಿವಿಗಳೆರಡೂ ತಮ್ಮಷ್ಟಕ್ಕೆ ತಾವೇ ಅಲುಗಾಡಿದವು. ಬೀರುವಿನ ಶಾಖಕ್ಕೆ ನಳಿಗೆಯ ನೀರು ಎಂದೋ ಆರಿಹೋಗಿ, ಗಾಳಿ ಒಳಗೆ ನುಗ್ಗಿ, ನನ್ನ ಸೈಡರ್ ಅಪ್ಪಟ ವಿನೆಗರ್ ಆಗಿತ್ತು.

ಹೆಸ್ಟರ್ ತುಟಿ ಒರೆಸಿಕೊಂಡು ಬಲು ವಿನಯದಿಂದ ಕೇಳಿದಳು: "ಸ್ವಲ್ಪ ಸೀಸೆಗೆ ಹಾಕಿ ಕೊಡ್ತೀರಾ, ಮಿಸ್ಟರ್ ಪ್ರೀಸ್? ನಮ್ಮ ತಾಮ್ರದ ಪಾತ್ರೆ ತಿಕ್ಕೋಕಾಗತ್ತೆ."

ಹೆಸ್ಟರಳ ಬಗ್ಗೆ ಒಂದು ಮಾತು ಹೇಳಬೇಕು. ಆಗಸ್ಟಿನಲ್ಲಿ ನಡೆಯುವ ಹಳ್ಳಿಯ ಹೂ-ತರಕಾರಿ ಪ್ರದರ್ಶನದಲ್ಲಿ, ವಿನೆಗರಿನಲ್ಲಿ ನೆನೆಹಾಕುವ ಈರುಳ್ಳಿ ಉಪ್ಪಿನಕಾಯಿಗೆ ಹನ್ನೊಂದು ವರ್ಷದಿಂದ ಅವಳಿಗೇ ಮೊದಲ ಬಹುಮಾನ. ಹನ್ನೊಂದು ವರ್ಷದಿಂದ ಎರಡನೆಯದು ಮ್ಯೂರಿಯಲ್‌ಗೆ. ಅವರು ಹೋದ ಮೇಲೆ ಮ್ಯೂರಿಯಲ್ ನನ್ನನ್ನು ಬೈಯಲಿಲ್ಲ. ಜಾಡಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಚರಂಡಿಗೆ ಸುರಿದಳೆಂದೇ ತಿಳಿದು ನಾನು ಮನಸ್ಸಿನಲ್ಲೇ ಅದಕ್ಕೆ ಸದ್ಗತಿ ಕೋರಿದೆ.

ಆಗಸ್ಟಿನಲ್ಲಿ ಪ್ರದರ್ಶನದ ಡೇರೆಯೊಳಗೆ ಹೋಗಿ ನೋಡುತ್ತೇನೆ, ಮ್ಯೂರಿಯಲ್‌ಳ ಈರುಳ್ಳಿಯ ಮುಂದೆ ಕೆಂಪು ಚೀಟಿ. ಮೊದಲ ಬಹುಮಾನ! ತೀರ್ಪುಗಾರ್ತಿ ಇನ್ನೂ ಬೆರಳು ಚೀಪುತ್ತಿದ್ದಳು.

"ವಿನೆಗರ್ ಯಾವ ಅಂಗಡೀದು, ಮಿಸೆಸ್ ಪ್ರೀಸ್?"

"ಅಂಗಡೀದಾ? ಛೆ! ಮನೇಲೇ ಮಾಡಿದ್ದು. ತಿಂಗಳುಗಟ್ಟಲೆ ಜೋಪಾನ ಮಾಡ್ಬೇಕಾಗತ್ತೆ."

ನಾನು ಕೆಮ್ಮಿದೆ. ಅವಳು ನನ್ನ ಕಾಲು ತುಳಿದಳು. ಹೆಸ್ಟರ್ ಸರಸರನೆ ಗುಲಾಬಿ ಹೂಗಳ ಕಡೆಗೆ ನಡೆದುಬಿಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ ಮ್ಯೂರಿಯಲ್ ನನ್ನ ತೋಳು ಹಿಡಿದೇ ನಡೆದಳು. ಹೀಗೆ ಹಿಡಿದು ಎಷ್ಟೋ ವರ್ಷವಾಗಿತ್ತು.

"ಕ್ಲೆಮ್, ಈ ವರ್ಷಾನೂ ಒಂದು ಜಾಡಿ ಮಾಡು. ಹೋದ ಸಲ ಹೇಗೆ ಮಾಡಿದ್ಯೋ ಹಾಗೇ. ಬುದ್ಧಿ ಉಪಯೋಗಿಸೋಕೆ ಹೋಗ್ಬೇಡ."

ಒಬ್ಬ ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ? ಆದರೆ ತೋಳು ಅವಳ ಕೈಯಲ್ಲಿತ್ತು. ಒಪ್ಪಿದೆ. ಅದೇ ಮರ, ಅದೇ ದಿಂಬಿನ ಚೀಲ, ಅದೇ ಬೀರು. ನಳಿಗೆಯ ನೀರು ಆರಲೆಂದು ಆ ಕಡೆ ತಲೆಯನ್ನೇ ಹಾಕಲಿಲ್ಲ. ಕಷ್ಟಪಟ್ಟು, ಶ್ರದ್ಧೆಯಿಂದ, ಏನೂ ಮಾಡದೆ ಕುಳಿತೆ.

ವಸಂತದಲ್ಲಿ ಜಾಡಿ ತೆರೆದೆ. ಹುಳಿಯ ಘಾಟಿಲ್ಲ. ಹೊಂಬಣ್ಣದ ತಿಳಿ, ಮಾಗಿದ ಸೇಬಿನ ಪರಿಮಳ. ಈನಕ್‌ಗೆ ಒಂದು ಲೋಟ ಬೇಲಿಯ ಮೇಲಿಂದಲೇ ಕೊಟ್ಟೆ. ಅವನು ಕುಡಿದ. ಮರದ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಮಗಾ, ಇದನ್ನ ಯಾರಿಗೂ ಕೊಡ್ಬೇಡ. ನನಗೆ ಕೊಡು," ಎಂದ.

ನಾನು ಕುಣಿಯುತ್ತಾ ಒಳಗೆ ಬಂದರೆ ಮ್ಯೂರಿಯಲ್ ಜಾಡಿ ಮೂಸಿ ನೋಡಿ ಮೇಜಿಗೆ ತಲೆ ಆನಿಸಿ ಕುಳಿತಿದ್ದಳು.

"ಕೆಡಿಸು ಅಂದ್ರೆ ಕೆಡಿಸೋಕೂ ಬರಲ್ವಾ ನಿನಗೆ? ನನ್ನ ಈರುಳ್ಳಿ ಗತಿ ಏನು?"

"ನಾನು ಮುಟ್ಟೇ ಇಲ್ಲ ಕಣೇ! ನಳಿಗೇಲಿ ನೀರು ತುಂಬಿದೆ. ಯಾರು ಹಾಕಿದ್ದು?"

ಅವಳು ತಲೆ ಎತ್ತಿದಳು. "ಧೂಳು ಕೂತಿತ್ತು. ಶನಿವಾರ ಶನಿವಾರ ತೊಳೀತಿದ್ದೆ. ತೊಳೆದ ಮೇಲೆ ಮೊದಲಿದ್ದ ಹಾಗೆ ನೀರು ತುಂಬಿಸಿಡೋದು ಬೇಡ್ವಾ?"

ಸಮಾಧಾನಕ್ಕೆಂದು ಅವಳಿಗೂ ಅರ್ಧ ಲೋಟ ಬಗ್ಗಿಸಿದೆ. ಅವಳು ಮೂಗು ಮುರಿಯುತ್ತಲೇ ಕುಡಿದಳು. ಲೋಟವನ್ನು ಮತ್ತೆ ನನ್ನ ಕಡೆ ತಳ್ಳಿದಳು. ಮೂರನೆಯ ಅರ್ಧಕ್ಕೆ ಅವಳ ಕೆನ್ನೆ ಸೇಬಿನ ಹಾಗೆ ಕೆಂಪಾಗಿ, ಹೆಸ್ಟರಳ ತಾಮ್ರದ ಪಾತ್ರೆಯ ವಿಷಯ ಹೇಳಿಕೊಂಡು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆ ಆಗಸ್ಟಿನಲ್ಲಿ ಈರುಳ್ಳಿಯ ಕೆಂಪು ಚೀಟಿ ಮರಳಿ ಹೆಸ್ಟರಳಿಗೇ ಹೋಯಿತು. ಆದರೆ ಸೈಡರಿನ ಮೇಜಿನ ಮೇಲೆ ಮೊದಲ ಬಹುಮಾನ ನಮ್ಮ ಸೀಸೆಗೆ! ನಾನು ಟೈ ಸರಿಮಾಡಿಕೊಂಡು ಮುಂದೆ ನುಗ್ಗಿದೆ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಶ್ರೀಮತಿ ಮ್ಯೂರಿಯಲ್ ಪ್ರೀಸ್."

"ಇದೇನಿದು?"

"ನೀನು ಮಾಡೋಕೆ ಹೊರಟಿದ್ದು ವಿನೆಗರ್ ತಾನೆ? ಅದನ್ನ ಸೈಡರ್ ಮಾಡಿದ್ದು ಯಾರು?"

ಈನಕ್ ಅವಳ ಕೈ ಕುಲುಕಿ, ಹುಳಿ ಸೇಬು ಎಷ್ಟು, ಸಿಹಿ ಸೇಬು ಎಷ್ಟು ಎಂದು ಗುಟ್ಟು ಕೇಳುತ್ತಿದ್ದ. ಅವಳೂ ಗಂಭೀರವಾಗಿ ಏನೋ ಹೇಳುತ್ತಿದ್ದಳು. ನಾನು ಅವಳ ಕೈಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಈಗ ಮತ್ತೆ ಅಕ್ಟೋಬರ್. ಮರ ಈ ಸಲ ಕೊಂಬೆ ಬಾಗುವಷ್ಟು ಹಿಡಿದಿದೆ. ಬೆಳಿಗ್ಗೆ ಮ್ಯೂರಿಯಲ್ ತಾನೇ ಪೇಟೆಗೆ ಹೋಗಿ ಇನ್ನೊಂದು ಜಾಡಿ ತಂದು ಮೇಜಿನ ಮೇಲಿಟ್ಟಳು.

"ಈ ವರ್ಷ ಎರಡು. ಒಂದು ಈರುಳ್ಳಿಗೆ, ಒಂದು ಕುಡಿಯೋಕೆ. ಎರಡರಲ್ಲೂ ಗಾಡ್ಸಲ್ ಮನೆಯವರನ್ನ ಸೋಲಿಸ್ತೀವಿ."

'ಸೋಲಿಸ್ತೀವಿ' ಎಂದಳು, ಗಮನಿಸಿ. ನನ್ನ ಎದೆ ಉಬ್ಬಿತು. ಏಣಿ ಹೆಗಲಿಗೇರಿಸುತ್ತಾ ಕೇಳಿದೆ: "ಎರಡರಲ್ಲಿ ಯಾವುದು ನನ್ನದು?"

"ಕೆಟ್ಟುಹೋಗೋದು," ಎಂದಳು ಪ್ರೀತಿಯಿಂದ.