ಹನ್ನೆರಡನೇ ಅಧ್ಯಾಯದ ಚಹಾ

ನನ್ನ ಕಾದಂಬರಿಯ ಹನ್ನೆರಡನೇ ಅಧ್ಯಾಯದಲ್ಲಿ ಹೆಂಡತಿ ಗಂಡನನ್ನು ಬಿಟ್ಟು ಹೋಗುತ್ತಾಳೆ. ಹೋಗುವ ಮೊದಲು ಎರಡು ಪುಟ ಅಳುತ್ತಾಳೆ, ಒಂದು ಪುಟ ಶಪಿಸುತ್ತಾಳೆ. ಸಂಪಾದಕ ಕಲಿಚ್ ಬಿಷ್ಕೆಕ್‌ನಿಂದ ಫೋನ್ ಮಾಡಿ, "ಎಸೆನ್ ಅಣ್ಣ, ಸನ್ನಿವೇಶ ತೀರಾ ಸಪ್ಪೆ. ಇಷ್ಟು ಮಾತಾಡೋಳು ಬಿಟ್ಟು ಹೋಗೋದುಂಟಾ? ಸರಿಮಾಡಿ, ಇಲ್ಲಾಂದ್ರೆ ಪುಸ್ತಕ ಇಲ್ಲ" ಅಂದುಬಿಟ್ಟ. ನನ್ನ ಇಷ್ಟು ವರ್ಷದ ಘೋರ ತಪಸ್ಸಿಗೆ ಇದು ವರ!

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೇಕೆ? ನನ್ನ ಹೆಂಡತಿ ಬುರುಲ್ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು.

"ಬುರುಲ್, ನನ್ನ ಬಿಟ್ಟು ಹೋಗೋ ಹಾಗೆ ಸ್ವಲ್ಪ ಮಾಡಿ ತೋರಿಸು."

"ಹಿಟ್ಟು ಒಣಗುತ್ತೆ ರೀ."

"ಸಾಹಿತ್ಯಕ್ಕೋಸ್ಕರ ಕಣೇ!"

ಪಾಪ, ಬಾಗಿಲ ತನಕ ಹೋದಳು. "ಕಣ್ಣೀರೆಲ್ಲಿ?" ಅಂದೆ. ಮತ್ತೆ ಹೋದಳು. "ನಿಜವಾದ ಹೆಂಗಸು ಹೀಗೆ ನಡೆಯಲ್ಲ" ಅಂದೆ.

"ನಿಜವಾದ ಹೆಂಗಸನ್ನ ನೀವು ಯಾವತ್ತು ನೋಡಿದ್ರಿ? ಮೊನ್ನೆ ಜ್ವರ ಬಂದು ಮಲಗಿದ್ರೆ, 'ಕೆಮ್ಮು ಚೆನ್ನಾಗಿದೆ, ಇನ್ನೊಂದ್ಸಲ ಕೆಮ್ಮು' ಅಂದ್ರಿ."

ಆಮೇಲೆ ನನ್ನ ಮುಂದೆ ಅಂಚಿನವರೆಗೂ ತುಂಬಿದ ಪಿಯಾಲೆ ಚಹಾ ಇಟ್ಟಳು. (ನಮ್ಮಲ್ಲಿ ಬೇಕಾದ ಅತಿಥಿಗೆ ಅರ್ಧ ಪಿಯಾಲೆ, ಮತ್ತೆ ಮತ್ತೆ ಕೇಳಿ ಕುಡಿಯಲಿ ಅಂತ. ತುಂಬಿಸಿ ಕೊಟ್ಟರೆ 'ಕುಡಿದು ಎದ್ದು ಹೋಗು' ಅಂತ. ತೊಟ್ಟಿಲ ಕೂಸಿಗೂ ಇದು ಗೊತ್ತು.) ನಾನು ಬರೆಯುತ್ತಲೇ ಹೀರಿ ಮುಗಿಸಿ, "ಇನ್ನೊಂದು" ಎಂದು ಕೈ ಚಾಚಿದೆ. ಇನ್ನೊಂದು ಬರಲಿಲ್ಲ. ತಲೆಯೆತ್ತಿ ನೋಡಿದರೆ ಗೂಟದಲ್ಲಿ ಅವಳ ಕೋಟೂ ಇರಲಿಲ್ಲ. ನಾರಿನ್‌ನಲ್ಲಿರುವ ತಂಗಿಯ ಮನೆಗೆ ಹೊರಟುಹೋಗಿದ್ದಳು.

ಮರುದಿನ ನಾನೇ ಚಹಾ ಮಾಡಿಕೊಂಡೆ. ಅರ್ಧ ಬಗ್ಗಿಸಿಕೊಂಡರೆ 'ಇನ್ನಷ್ಟು ತಗೊಳ್ಳಿ' ಅನ್ನುವವರಿಲ್ಲ. ತುಂಬಿಸಿಕೊಂಡರೆ ನನ್ನನ್ನು ನಾನೇ ಮನೆಯಿಂದ ಹೊರಹಾಕಿದ ಹಾಗೆ. ಪಾತ್ರೆ ಹಿಡಿದು ಸುಮ್ಮನೆ ನಿಂತೆ. ಮನೆ ಭಣಭಣ ಅನ್ನುತ್ತಿತ್ತು. ಅವಳಿಲ್ಲದೆ ನನಗೆ ಅಳುವೇ ಬಂತು.

ಆ ಸಂಕಟದಲ್ಲೇ ಕೂತು ಅಳು, ಶಾಪ ಎಲ್ಲ ಹೊಡೆದುಹಾಕಿ, ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ.

"ಅಣ್ಣ, ಸನ್ನಿವೇಶ ಅಂದ್ರೆ ಇದು!" ಕಲಿಚ್ ಕುಣಿದಾಡಿದ. "ಒಂದೇ ತಕರಾರು. ತುಂಬಿದ ಪಿಯಾಲೆ ಕುಡಿದು ಇನ್ನೊಂದು ಕೇಳ್ತಾನಲ್ಲ, ಅಂಥ ದಡ್ಡ ನಮ್ಮ ದೇಶದಲ್ಲಿ ಹುಟ್ಟಿರಲ್ಲ. ಯಾರೂ ನಂಬಲ್ಲ, ತೆಗೆದುಬಿಡಿ."

ನಾರಿನ್‌ಗೆ ಫೋನ್ ಮಾಡಿ ಬುರುಲ್‌ಗೆ ಅಧ್ಯಾಯ ಓದಿ, ಕಲಿಚ್‌ನ ತಕರಾರನ್ನೂ ಹೇಳಿದೆ.

"ತೆಗೀಬೇಡಿ," ಅಂದಳು. "ಇಡೀ ಪುಸ್ತಕದಲ್ಲಿ ನಿಜ ಇರೋದು ಅದೊಂದೇ."

"ಹಾಗಾದ್ರೆ... ಯಾವಾಗ ಬರ್ತೀಯ?"

"ಹದಿಮೂರನೇ ಅಧ್ಯಾಯದಲ್ಲಿ ಏನಾಗುತ್ತೆ?"

"ಅವಳೇ ವಾಪಸ್ ಬಂದು ಗಂಡನ ಕ್ಷಮೆ ಕೇಳ್ತಾಳೆ," ಅಂದೆ, ಆಸೆಯಿಂದ.

"ಅದೂ ಸಪ್ಪೆ," ಎಂದು ಫೋನ್ ಇಟ್ಟಳು.