ಕುಂಕುಮ ಹಚ್ಚಿದ ಗೇರು

ನಮ್ಮ ಕಾಕಾನಷ್ಟು ಹಟಮಾರಿ ಸಿಂಧನೂರಿನಲ್ಲಿ ಇನ್ನೊಬ್ಬರಿದ್ದರೆ ಅದು ಅವನ ಮೋಟಾರ್ ಸೈಕಲ್ಲು! ನಿಜಾಮನ ಕಾಲದ್ದೆಂದು ಹೇಳಿ ಹೈದರಾಬಾದಿನ ಗುಜರಿಯವರು ಅವನಿಗೆ ಅಂಟಿಸಿದ್ದರು. ಅದಕ್ಕೆ ಚೈನೇ ಇರಲಿಲ್ಲ. ಇಂಜಿನ್ನಿನಿಂದ ಹಿಂದಕ್ಕೊಂದು ಕಬ್ಬಿಣದ ದಂಡ, ಅದರ ತುದಿಗೆ ಹಲ್ಲಿನ ಗೇರು. ಅದು ಗಾಲಿಯ ದೊಡ್ಡ ಗೇರನ್ನು ಕಚ್ಚಿ ತಿರುಗಿಸಬೇಕು. ಸರಿಯಾಗಿ ಕಚ್ಚುತ್ತಿರಲಿಲ್ಲ, ಅಷ್ಟೇ.

ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅವನ ಹೆಂಡತಿ, ನಮ್ಮ ಚಿಗವ್ವನಿಗೆ, ಬಸ್ಸಿನ ವಾಸನೆ ಬಡಿದರೆ ವಾಂತಿ. ತವರು ಲಿಂಗಸುಗೂರು, ನಡುದಾರಿಯ ಮಸ್ಕಿ ಮುಟ್ಟುವಷ್ಟರಲ್ಲೇ ಅರೆಜೀವ. ಹೀಗಾಗಿ ಹೋಗುವುದನ್ನೇ ಬಿಟ್ಟಿದ್ದಳು. ಅಲ್ಲಿ ಅವಳ ತಾಯಿ ಕಣ್ಣು ಕಳೆದುಕೊಂಡು ಮಗಳ ದಾರಿ ಕಾಯುತ್ತಿದ್ದಳು. “ಗಾಳಿಗೆ ಮುಖಾ ಒಡ್ಡಿ ಕುಂದ್ರು, ನಾ ಕರ್ಕೊಂಡು ಹೊಕ್ಕೀನಿ” ಎಂದು ಕಾಕಾ ಮಾತು ಕೊಟ್ಟಿದ್ದ. ಗಾಡಿ ಮಾತ್ರ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಆಯುಧಪೂಜೆ ಬಂತು. ಊರವರೆಲ್ಲ ಗಾಡಿ ಪೂಜೆ ಮಾಡಿದರು. ನಮ್ಮ ಗಾಡಿ ಎಲ್ಲಿತ್ತು? ಬಿಡಿಬಿಡಿಯಾಗಿ ಹಳೆಯ ಕೌದಿಯ ಮೇಲೆ ಹರಡಿತ್ತು! ಚಿಗವ್ವ ಹಿಂಜರಿಯಲಿಲ್ಲ. ನಟ್ಟಿಗೊಂದು ಬೊಟ್ಟು, ಬೋಲ್ಟಿಗೊಂದು ಬೊಟ್ಟು, ಎಣ್ಣೆ ಮೆತ್ತಿದ ಗೇರಿನ ಹಲ್ಲುಹಲ್ಲಿಗೂ ಕುಂಕುಮ.

ಕಾಕಾ ಹೌಹಾರಿದ. “ಹಲ್ಲಿಗೆ ಯಾರರ ಕುಂಕುಮ ಹಚ್ತಾರೇನು?”

“ಗಾಡಿ ನಡಿಯೂದ ಹಲ್ಲಿಂದ ಅಂತ ನೀವ ಅಂದಿದ್ರಿ.”

“ಸೀಮೆಎಣ್ಣ್ಯಾಗ ತೊಳೀತೀನಿ.”

“ಪೂಜಾ ಆದದ್ದನ್ನ ತೊಳೀತಿಯೇನಲೇ?” ಎಂದು ಅವನ ತಾಯಿ, ನಮ್ಮಜ್ಜಿ, ಒಳಗಿನಿಂದ ಗುಡುಗಿದಳು.

ಕಾಕಾ ಕುಂಕುಮ ಸಮೇತ ಜೋಡಿಸಿ ತಿರುಗಿಸಿದ. ಎಂದಿನಂತೆ ಗೊರ್ರೆಂದಿತು. ಸಿಟ್ಟಿನಲ್ಲಿ ಬಿಚ್ಚಿ ನೋಡಿದರೆ, ಕುಂಕುಮ ಹಲ್ಲಿನ ತುದಿಯಲ್ಲಷ್ಟೇ ಅಳಿಸಿದೆ! ಗೇರುಗಳು ತುದಿಗೆ ಮಾತ್ರ ತಾಗುತ್ತಿದ್ದವು. ಊರಿನ ಮೆಕ್ಯಾನಿಕ್ಕುಗಳಿಗೆಲ್ಲ ಸಿಗದ ತಪ್ಪು ಚಿಗವ್ವನ ಭಕ್ತಿಗೆ ಸಿಕ್ಕಿತ್ತು.

ಆಮೇಲೆ ನೋಡಿ ಕಾಕಾನ ದೈವಭಕ್ತಿ! ಎಣ್ಣೆ ಡಬ್ಬಿಯ ತಗಡನ್ನು ಬಳೆಯಂತೆ ಕತ್ತರಿಸಿ ಗೇರು ಕೂದಲೆಳೆ ಮುಂದೆ ಸರಿಯಲೆಂದು ಅದರ ಹಿಂದೆ ಇಡುವುದು, “ಪೂಜಾ ಮಾಡು ಬಾ” ಎಂದು ಹೆಂಡತಿಯನ್ನು ಕರೆಯುವುದು, ಜೋಡಿಸುವುದು, ತಿರುಗಿಸುವುದು, ಮತ್ತೆ ಬಿಚ್ಚುವುದು. ಮಗ ದೇವರ ದಾರಿ ಹಿಡಿದನೆಂದು ಅಜ್ಜಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಮನೆಯ ಕುಂಕುಮ ಮುಗಿದಾಗ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸೊಬ್ಬಳಿಂದ ಸಿಂಧೂರ ಬೇಡಿ ತಂದ.

“ಅದು ಅವರ ಪದ್ಧತೀದು, ನಡಿತೈತೇನು?” ಎಂದಳು ಚಿಗವ್ವ.

“ಕೆಂಪಿದ್ರ ಸಾಕು. ಗೇರಿಗೇನು ಕುಲ ಗೊತ್ತೈತೇನು?”

ಒಂದು ದಿನ ಬಣ್ಣ ಹಲ್ಲಿನ ನಟ್ಟನಡುವೆ ಅಳಿಸಿತು. ಗಾಡಿ ಓಡಿತು!

“ಹೊತ್ತು ಮುಳುಗೂದ್ರಾಗ ಬರಬೇಕು. ಗಾಡಿ ಐತೆಲ್ಲ ಈಗ? ಇಲ್ಲಿ ರೊಟ್ಟಿ ಬಡಿಯೋರು ಯಾರು?” ಎಂದು ಅಜ್ಜಿ ತವರಿಗೆ ಹೊರಟ ಸೊಸೆಗೆ ಕಟ್ಟಪ್ಪಣೆ ಮಾಡಿದಳು. ಮುಂದೆ ಗಾಡಿಯ ಮೇಲೆ ಕಾಕಾ, ಚಿಗವ್ವ; ಹಿಂದೆ ಬಸ್ಸಿನಲ್ಲಿ ನಾನು. ಉದುರಿದ ನಟ್ಟು ಆರಿಸಲು ಯಾರಾದರೂ ಬೇಕಲ್ಲ! ಓಡುವ ಬಸ್ಸಿನಿಂದ ಆರಿಸುವುದು ಹೇಗೆಂದು ಯಾರೂ ಯೋಚಿಸಿರಲಿಲ್ಲ. ಒಂದೂ ಉದುರಲಿಲ್ಲ, ಬಿಡಿ. ಮಸ್ಕಿಯಲ್ಲಿ ಕಿಟಕಿಯಿಂದ ನೋಡಿದರೆ ಚಿಗವ್ವ ನಿಂತು ಮಿರ್ಚಿ ಬಜ್ಜಿ ತಿನ್ನುತ್ತಿದ್ದಳು.

ನಾನು ಲಿಂಗಸುಗೂರಿನ ಮನೆ ಮುಟ್ಟಿದಾಗ ಆ ಮುದುಕಿ ಮಗಳ ಮುಖವನ್ನು ಎರಡೂ ಕೈಯಿಂದ ಸವರುತ್ತಿದ್ದಳು. ಸವರಿದಷ್ಟೂ ಸಾಲದು. ಚಿಗವ್ವ ಇಳಿಬಿಸಿಲು ನೋಡಿ, “ಇನ್ನ ಹೊಂಡಬೇಕಬೇ ಯವ್ವಾ” ಎಂದು ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ, ಹೊರಗೆ ಬಂದೆ. ಅಂಗಳದಲ್ಲಿ ಕಾಕಾ ಹಿಂದಿನ ಗಾಲಿ ಬಿಚ್ಚುತ್ತಿದ್ದ.

“ಕೆಟ್ಟೈತೇನು ಕಾಕಾ?”

“ಏ, ಚಲೋ ಐತಿ.” ಗೇರನ್ನು ಅರಿವೆಯಲ್ಲಿ ಒರೆಸಿ ನನ್ನ ಕೈಗಿಟ್ಟ. “ಇದನ್ನ ಒಯ್ದು ನಿಮ್ಮಜ್ಜಿಗೆ ತೋರ್ಸು. ಗಾಡಿ ಕೆಟ್ಟೈತಿ, ತಿಂಗಳು ಹಿಡೀತೈತಿ ಅಂತ ಹೇಳು.”