ಒಂದು ಮೀಸೆ, ಆರು ಔಷಧದಂಗಡಿ

ನಮ್ಮ ಸೋದರಮಾವನ ಮೀಸೆಯ ಬಲತುದಿ ಎಡತುದಿಗಿಂತ ಎರಡು ಮಿಲಿಮೀಟರು ಉದ್ದ. ಅಳೆದವಳು ನಾನಲ್ಲ, ಅವರೇ! ಪ್ರತಿ ಭಾನುವಾರ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದೇವಸ್ಥಾನಕ್ಕೆ ಹೊರಡುವ ಮುಂಚೆ ಸ್ಕೇಲು ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತಾರೆ. ಹಿಂದೊಮ್ಮೆ ದೂರದ ಲಾಸ್ ಕೊಲಿನಾಸ್‌ನಲ್ಲಿ ಕೆಲಸಕ್ಕೆ ಸೇರಿದಾಗ ಐಡಿ ಕಾರ್ಡಿನ ಫೋಟೊದಲ್ಲಿ ಒಂದು ತುದಿ ಬಿಟ್ಟುಹೋಗಿದೆಯೆಂದು ಮೂರು ಸಲ ತೆಗೆಸಿದ್ದರಂತೆ. "ಮನೆಗೆ ನನಗಿಂತ ಮುಂಚೆ ಬಂದ ಸವತಿ ಕಣೇ ಅದು" ಎನ್ನುತ್ತಾರೆ ಅತ್ತೆ.

ಆಸ್ಟಿನ್ನಿನಲ್ಲಿ ಓದುತ್ತಿದ್ದ ನಾನು ಒಂದು ಸಮ್ಮೇಳನಕ್ಕೆಂದು ಮಡಗಾಸ್ಕರ್ ದ್ವೀಪದ ರಾಜಧಾನಿ ಅಂಟನಾನರಿವೊಗೆ ಹೊರಟಾಗ ಮಾವ ರಜೆ ಹಾಕಿ ಬೆನ್ನು ಬಿದ್ದರು.

"ಒಬ್ಬಳೇ ಹೋಗ್ತಾಳಂತೆ! ನಿಮ್ಮಮ್ಮಂಗೆ ನಾನೇನು ಹೇಳ್ಲಿ?"

ಹ್ಯೂಸ್ಟನ್ ಬಿಡುವ ದಿನ ನನ್ನ ಸೂಟ್‌ಕೇಸನ್ನು ನಾಲ್ಕು ಸಲ ತೂಗಿದರು. ಭಾರ ಹೆಚ್ಚಾಯಿತೆಂದು ಏನೋ ತೆಗೆದಿಟ್ಟು, ಆ ಜಾಗಕ್ಕೆ ಪುಳಿಯೋಗರೆ ಗೊಜ್ಜಿನ ಡಬ್ಬಿ ತುರುಕಿದರು. ಆ 'ಏನೋ' ನನ್ನ ಉಬ್ಬಸದ ಎರಡನೆಯ ಇನ್‌ಹೇಲರ್ ಎಂದು ಗೊತ್ತಾದದ್ದು ಮೊದಲನೆಯದು ಖಾಲಿಯಾದ ಮೇಲೆ!

ಖಾಲಿಯಾದದ್ದಾದರೂ ಎಲ್ಲಿ? ರಸ್ತೆಗಿಂತ ಮೆಟ್ಟಿಲೇ ಹೆಚ್ಚಿರುವ ಊರಿನಲ್ಲಿ. ಹ್ಯೂಸ್ಟನ್ನಿನಲ್ಲಿ ಏರು ಎಂದರೆ ಫ್ಲೈಓವರ್ ಒಂದೇ. ಇಲ್ಲಿ ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ಮನೆಗಳು, ಕೆಳಗೆ ಕಾಲಿಡಲು ಜಾಗವಿಲ್ಲದ ಸಂತೆ, ಎಲ್ಲ ಕಡೆ ಇದ್ದಿಲಿನ ಹೊಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಉಸಿರು ಸಿಳ್ಳೆ ಹಾಕತೊಡಗಿತು.

ಮೊದಲ ಔಷಧದಂಗಡಿಯಲ್ಲಿ ಮಾವ ಖಾಲಿ ಇನ್‌ಹೇಲರ್ ಎತ್ತಿ ತೋರಿಸಿದರು. ಅಂಗಡಿಯವನು ಅವರ ಮುಖ ನೋಡಿ, ತಲೆಯಾಡಿಸಿ, ಸ್ಪಷ್ಟವಾಗಿ ಅಂದ:

"ಛೀ ಮೀಸೆ!"

ಮಾವ ಬೆಚ್ಚಿದರು. "ಕೇಳಿಸ್ತಾ? ಕನ್ನಡದಲ್ಲೇ ಬೈದ!"

ಎರಡನೆಯ ಅಂಗಡಿಯ ಹೆಂಗಸೂ ಅಷ್ಟೇ ನಯವಾಗಿ, "ಛೀ ಮೀಸೆ." ನಗಲು ನನ್ನಲ್ಲಿ ಗಾಳಿಯಿರಲಿಲ್ಲ. ಮಾವ ನನ್ನ ತೋಳು ಹಿಡಿದುಕೊಂಡರು. ನನ್ನನ್ನು ಹೋಟೆಲಿನಲ್ಲಿ ಕೂರಿಸಿ, "ಅಲ್ಲಾಡ್ಬೇಡ. ತಂದೇ ತರ್ತೀನಿ" ಎಂದು ಹೊರಟರು.

ನಾನು ಮೇಜಿಗೆ ಮೊಣಕೈ ಊರಿ, ಮುಂದಕ್ಕೆ ಬಾಗಿ, ಉಸಿರು ಎಣಿಸುತ್ತ ಕುಳಿತೆ. ನಿಮಿಷಕ್ಕೆ ಇಪ್ಪತ್ತೆಂಟು. ಮೂವತ್ತು. ಮೂವತ್ತಮೂರು. ಹೋಟೆಲಿನ ಹುಡುಗಿ ಆಸ್ಪತ್ರೆಗೆಂದು ಟ್ಯಾಕ್ಸಿ ಕರೆಯಲು ಫೋನೆತ್ತಿದಾಗ ಯಾರೋ ಅಪರಿಚಿತರು ಬಾಗಿಲು ತಳ್ಳಿಕೊಂಡು ಓಡಿಬಂದು ನನ್ನ ಬಾಯಿಗೆ ಇನ್‌ಹೇಲರ್ ಹಿಡಿದರು.

"ಎಳ್ಕೋ ಪುಟ್ಟಿ, ಎಳ್ಕೋ."

ಧ್ವನಿ ಮಾವನದು. ಮೀಸೆಯಿರಲಿಲ್ಲ! ಮೇಲ್ದುಟಿ ಬೆಳ್ಳಗೆ, ಸಣ್ಣ ಮಗುವಿನದರಂತಿತ್ತು.

ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ, "ಮಾವ, ಇದೇನಿದು?"

"ಐದು ಅಂಗಡೀಲೂ ಅದೇ ಮಾತು ಕಣೇ. ಏನೋ ಇವರಿಗೆ ಮೀಸೆ ಕಂಡ್ರೆ ಅಪಶಕುನ ಇರ್ಬೇಕು ಅನ್ನಿಸ್ತು. ಮೆಟ್ಟಿಲ ಮೇಲೆ ಒಬ್ಬ ಕ್ಷೌರದವನು ಕೂತಿದ್ದ. ತೆಗೆಸ್ದೆ." ಗೆದ್ದವರಂತೆ ತಲೆಯೆತ್ತಿದರು. "ನೋಡು, ಆರನೇ ಅಂಗಡೀಲಿ ತಕ್ಷಣ ಕೊಟ್ರು!"

ಮರುದಿನ ಬೆಳಿಗ್ಗೆ ತಿಂಡಿಗೆ ಕುಳಿತಾಗ ಕಾಫಿಗೆ ಹಾಲು ಕೇಳಿದೆ. ಬಡಿಸುವವನು ಖಾಲಿ ಜಗ್ಗನ್ನು ಬೋರಲು ಮಾಡಿ ತೋರಿಸಿ, ನಕ್ಕು ಅಂದ: "ತ್ಸಿ ಮಿಸಿ."

ಅಯ್ಯೋ! ಆ ಊರಿನ ಮಾತಿನಲ್ಲಿ ಅದರರ್ಥ 'ಇಲ್ಲ' ಎಂದಷ್ಟೇ!

ಎದುರು ಕುಳಿತ ಮಾವ ಬರಿ ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡರು. "ಇನ್ನೂ ಬೈತಾನಲ್ಲೇ! ಈಗೇನಿದೆ ಬಯ್ಯೋಕೆ?"

"ನಿಮಗಲ್ಲ ಮಾವ, ನನಗೆ ಅಂದಿದ್ದು" ಎಂದೆ.

ಕಪ್ಪು ಕಾಫಿಯನ್ನು ಹಾಗೇ ಬಿಟ್ಟು, ಅಂಗಳಕ್ಕೆ ಹೋಗಿ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಏರ್‌ಪೋರ್ಟಲ್ಲಿ ಮಾವನ್ನ ನೋಡಿದ ತಕ್ಷಣ ನಗಬೇಡಿ. ಎಷ್ಟು ಚಿಕ್ಕೋರಾಗಿ ಕಾಣ್ತೀರಿ ಅನ್ನಿ. ನಾನು ಹೇಳ್ಕೊಟ್ಟೆ ಅಂತ ಮಾತ್ರ ಹೇಳ್ಬೇಡಿ."